ಚೌಕದ ಚಿತ್ರಕ್ಕೆ ಬೈಯುವ ಮುಂಚೆ

ಮಾನ್ಯ ಸಂಪಾದಕರೇ,

ಮಡಿಕೇರಿಯಲ್ಲಿ ಈಚೆಗೆ ನಡೆದ ಚಿತ್ರಕಲಾ ಪ್ರದರ್ಶನದ ಬಗ್ಗೆ ನಿಮ್ಮ ಓದುಗರೊಬ್ಬರು ಬರೆದ ಪತ್ರ ಓದಿದೆ. ಚೌಕದೊಳಗೆ ಚೌಕ ಬರೆದು ಬಣ್ಣ ತುಂಬಿದರೆ ಅದು ಕಲೆಯಾ, ಎಲ್‌ಕೆಜಿ ಮಗುವೂ ಮಾಡುತ್ತೆ ಎಂಬುದು ಅವರ ತಕರಾರು. ಅವರ ಸಿಟ್ಟಿಗೆ ಕಾರಣವಿದೆ. ಚಿತ್ರಗಳ ಪಕ್ಕ ಒಂದು ಸಾಲು ವಿವರಣೆಯೂ ಇರಲಿಲ್ಲ. ಆದರೆ ಅಲ್ಲಿ ನೋಡೋಕೆ ಏನೂ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಕಲಾವಿದನಲ್ಲ, ವಿರಾಜಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಬಣ್ಣದ ಜಗಳ ನನಗೆ ದಿನಾ ಇದ್ದದ್ದೇ.

ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕಿದವರಿಗೆಲ್ಲ ಇದು ಗೊತ್ತು. ಬೂದು ಬಣ್ಣದ ಪೀಸನ್ನು ಹಸಿರು ಸೀರೆ ಮೇಲೆ ಇಟ್ಟರೆ ಸ್ವಲ್ಪ ಗುಲಾಬಿ ಕಡೆಗೆ ವಾಲುತ್ತದೆ. ಅದೇ ಥಾನಿನ ತುಂಡು ಕೆಂಪು ಸೀರೆ ಮೇಲೆ ಹಸಿರು ಛಾಯೆ ತೋರಿಸುತ್ತದೆ. ‘ತೋರಿಸಿದ್ದೇ ಬೇರೆ, ಕಟ್ಟಿ ಕೊಟ್ಟಿದ್ದೇ ಬೇರೆ’ ಅಂತ ಮರುದಿನ ವಾಪಸ್ ತರುತ್ತಾರೆ. ನಾನು ವಾದ ಮಾಡೋದಿಲ್ಲ, ಎರಡನ್ನೂ ಬಿಳಿ ಬಟ್ಟೆ ಮೇಲೆ ಹಾಕಿ ತೋರಿಸುತ್ತೇನೆ.

ಕೊಡವ ಮದುವೆಗೆ ಹೋದಾಗ ಗಮನಿಸಿ. ಮದುಮಗ ತೊಡುವುದು ಬಿಳಿ ಕುಪ್ಯ, ಅಂದರೆ ಮೊಣಕಾಲುದ್ದದ ನಿಲುವಂಗಿ, ನೆಂಟರದ್ದು ಕಪ್ಪು. ಸೊಂಟಕ್ಕೆ ಎಲ್ಲರೂ ಬಿಗಿಯುವುದು ಕೆಂಪು ರೇಷ್ಮೆ ಚೇಲೆ. ಕಪ್ಪಿನ ಮೇಲೆ ಆ ಕೆಂಪು ಎದ್ದು ಹೊಳೆಯುತ್ತದೆ. ಬಿಳಿಯ ಮೇಲೆ ಅದೇ ಕೆಂಪು ಒಂದು ಶೇಡ್ ಗಾಢವಾಗುತ್ತದೆ. ಎರಡು ಚೇಲೆಯೂ ಒಂದೇ ಬಣ್ಣದವು ಅಂದರೂ ಕಣ್ಣು ನಂಬೋದಿಲ್ಲ.

ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರೆಲ್ ಅವರಿಗೂ ಇಂಥದೇ ದೂರು ಬಂದಿತ್ತು. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಅಂತ. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ಏನೂ ದೋಷ ಇರಲಿಲ್ಲ. ಪಕ್ಕದ ನೀಲಿ, ನೇರಳೆ ನೂಲುಗಳ ಸಹವಾಸದಿಂದ ಕಪ್ಪು ಮಂಕಾಗಿ ಕಾಣುತ್ತಿತ್ತು. ಅವರು ಇದರ ಬೆನ್ನು ಹತ್ತಿ 1839ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ಅಳೆಯುವುದಿಲ್ಲ, ಅಕ್ಕಪಕ್ಕದ ಬೆಳಕಿನ ಜೊತೆ ಹೋಲಿಸಿಯೇ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ.

ಇನ್ನು ಚೌಕದ ವಿಷಯ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಮೇಷ್ಟ್ರಾಗಿದ್ದ ಜೋಸೆಫ್ ಆಲ್ಬರ್ಸ್ 1950ರಲ್ಲಿ, ತಮ್ಮ 62ನೇ ವಯಸ್ಸಿನಲ್ಲಿ, ಚೌಕದೊಳಗೆ ಚೌಕ ಬರೆಯಲು ಶುರು ಮಾಡಿದರು. 1976ರಲ್ಲಿ ತೀರಿಕೊಳ್ಳುವ ತನಕ ಬಿಡಲಿಲ್ಲ. ಅಂಥ ಚಿತ್ರಗಳೇ ಸಾವಿರಕ್ಕೂ ಜಾಸ್ತಿ. ಮೂರೋ ನಾಲ್ಕೋ ಚೌಕ, ಒಂದರೊಳಗೊಂದು, ಒಳಗಿನವು ನಡುವೆ ಕೂರದೆ ಸ್ವಲ್ಪ ಕೆಳಕ್ಕೆ ಜಾರಿರುತ್ತವೆ. ಬಣ್ಣವನ್ನು ಹೆಚ್ಚಾಗಿ ಟ್ಯೂಬಿನಿಂದ ತೆಗೆದು ಬೆರೆಸದೆ ನೇರ ಚಾಕುವಿನಿಂದ ಬಳಿಯುತ್ತಿದ್ದರು. ಯಾವ ಕಂಪನಿಯ ಯಾವ ಬಣ್ಣ ಅಂತ ಹಲಗೆಯ ಹಿಂದೆ ಬರೆದಿಡುತ್ತಿದ್ದರು, ನಾವು ಥಾನಿನ ಮೇಲೆ ಶೇಡ್ ನಂಬರ್ ಬರೆದಿಡೋ ಹಾಗೆ. ಎದುರಿಗೆ ಸುಮ್ನೆ ನಿಂತು ನೋಡಿದರೆ ಒಳಗಿನ ಚೌಕ ಒಮ್ಮೆ ಮುಂದೆ ಬರುತ್ತದೆ, ಒಮ್ಮೆ ಹಿಂದೆ ಸರಿಯುತ್ತದೆ. ಎರಡು ಬಣ್ಣ ಸೇರುವ ಗೆರೆಯಲ್ಲಿ ಬಳಿಯದೇ ಇರುವ ಮೂರನೇ ಬಣ್ಣವೊಂದು ತೇಲಿದಂತಾಗುತ್ತದೆ. ಎಲ್‌ಕೆಜಿ ಮಗು ಚೌಕ ಬರೆಯಬಹುದು. ಹೀಗೆ ಆಟ ಆಡಿಸುವ ಮೂರು ಬಣ್ಣಗಳನ್ನು ಆರಿಸಲಿ ನೋಡೋಣ.

ಬಣ್ಣವೇ ಬೇಕು ಅಂತಲೂ ಇಲ್ಲ. ಬ್ರಿಜೆಟ್ ರೈಲಿ ಎಂಬ ಇಂಗ್ಲೆಂಡಿನ ಕಲಾವಿದೆ 1961ರಲ್ಲಿ ಬರೀ ಕಪ್ಪು ಬಿಳುಪು ಚೌಕಗಳ ಚಿತ್ರ ಮಾಡಿದರು. ಚೌಕಗಳ ಎತ್ತರ ಒಂದೇ, ಅಗಲ ಮಾತ್ರ ಕಿರಿದಾಗುತ್ತಾ ಹೋಗಿ ಮತ್ತೆ ಅಗಲವಾಗುತ್ತದೆ. ಅಷ್ಟಕ್ಕೇ ಸಪಾಟು ಹಲಗೆ ಒಳಕ್ಕೆ ಮಡಚಿಕೊಂಡಂತೆ ಕಾಣುತ್ತದೆ!

‘ಇದು ಯಾವುದರ ಚಿತ್ರ?’ ಅಂತ ಕೇಳಿದರೆ ಇವುಗಳ ಬಳಿ ಉತ್ತರ ಇಲ್ಲ. ನೋಡುವಾಗ ನಿಮ್ಮ ಕಣ್ಣಿಗೆ ಏನಾಗುತ್ತಿದೆ ಎಂಬುದೇ ಇಲ್ಲಿನ ವಿಷಯ. ಅದನ್ನು ನೋಡೋದು ನಮಗೆ ಯಾರೂ ಕಲಿಸಿಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಅಂದರೆ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ. ಕಿಟಕಿಯಾಚೆ ಸಿಲ್ವರ್ ಓಕ್, ಕಾಫಿ ಗಿಡ ಇದ್ದರೂ ನಮ್ಮ ಮಕ್ಕಳು ಪೇಪರ್ ಮೇಲೆ ಬರೆಯೋದು ತೆಂಗಿನ ಮರವನ್ನೇ. ನೋಡೋದನ್ನು ಕಲಿಸಿದ ಮೇಷ್ಟ್ರೂ ಇದ್ದರು. ‘ಬಿಂದು’ ಚಿತ್ರಗಳಿಗೆ ಹೆಸರಾದ ಕಲಾವಿದ ಎಸ್. ಎಚ್. ರಝಾ ಮಧ್ಯಪ್ರದೇಶದ ಹಳ್ಳಿ ಶಾಲೆಯಲ್ಲಿ ಓದುವಾಗ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು, ಇದನ್ನೇ ನೋಡು ಅಂದಿದ್ದರಂತೆ. ಹುಡುಗನ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ ಅನ್ನೋದು ಕಾರಣ.

ನಮ್ಮ ಜಿಲ್ಲೆಯ ಶಾಲೆಗಳಲ್ಲೂ ಹೀಗೆ ನೋಡೋದನ್ನು ಕಲಿಸೋಕೆ ವಾರದಲ್ಲಿ ಒಂದು ಪೀರಿಯಡ್ ಕೊಡಲಿ ಎಂಬುದು ನನ್ನ ಕೋರಿಕೆ. ಖರ್ಚೇನೂ ಇಲ್ಲ. ಆಲ್ಬರ್ಸ್ ಕೂಡ ವಿದ್ಯಾರ್ಥಿಗಳಿಗೆ ಪೇಂಟ್ ಬಿಟ್ಟು ಬಣ್ಣದ ಕಾಗದದ ಚೂರುಗಳನ್ನೇ ಕೊಡುತ್ತಿದ್ದರು. ಒಂದೇ ಬಣ್ಣ ಎರಡಾಗಿ ಕಾಣುವಂತೆ ಮಾಡಿ, ಇಲ್ಲವೇ ಎರಡು ಬಣ್ಣ ಒಂದೇ ಅನ್ನಿಸುವಂತೆ ಜೋಡಿಸಿ ಎಂಬುದು ಅವರು ಕೊಡುತ್ತಿದ್ದ ಕೆಲಸ. ಕಾಗದ ಸಿಗದಿದ್ದರೆ ಬಟ್ಟೆಯೂ ಆದೀತು. ರೇಷ್ಮೆ ಬೇಡ, ಹೊಳಪು ಲೆಕ್ಕ ತಪ್ಪಿಸುತ್ತದೆ. ಕಾಟನ್ ಬ್ಲೌಸ್ ಪೀಸಿನ ಚೂರುಗಳು ನನ್ನ ಅಂಗಡಿಯಲ್ಲಿ ಚೀಲಗಟ್ಟಲೆ ಇವೆ. ಡ್ರಾಯಿಂಗ್ ಮೇಷ್ಟ್ರು, ಟೀಚರ್‌ಗಳು ಯಾರೇ ಕೇಳಿಕೊಂಡು ಬಂದರೂ ದುಡ್ಡಿಲ್ಲದೆ ಕೊಡುತ್ತೇನೆ. ಭಾನುವಾರ ಮಾತ್ರ ಬಾಗಿಲು ಹಾಕಿರುತ್ತದೆ.

– ಒಬ್ಬ ಬಟ್ಟೆ ವ್ಯಾಪಾರಿ, ವಿರಾಜಪೇಟೆ