ಕ್ಯಾಂಪರ್ ವ್ಯಾನಿನ ಮುಂದಿನ ಆಕ್ಸಲ್ ಯಾರ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ವರ್ಷಗಟ್ಟಲೆ ಬಾಡಿಗೆಗೆ ದುಡಿದು ಸವೆದ ಟೆಂಪೊ ಟ್ರಾವೆಲರ್‌ಗಳನ್ನು ಅಗ್ಗಕ್ಕೆ ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು, ಬ್ಯಾಟರಿಗಳನ್ನು ಜೋಡಿಸಿ ಕ್ಯಾಂಪರ್ ವ್ಯಾನ್ ಮಾಡಿಕೊಳ್ಳುವ ಉತ್ಸಾಹ ನಮ್ಮಲ್ಲಿಯೂ ಕಾಣುತ್ತಿದೆ. ಈ ಕುರಿತ ಬರಹಗಳಲ್ಲಿ, ವಿಡಿಯೊಗಳಲ್ಲಿ ಒಳಾಂಗಣದ ವರ್ಣನೆಗೆ ಕೊರತೆಯಿಲ್ಲ. ಮುಂದಿನ ಚಕ್ರಗಳನ್ನು ಹೊರುವ ಆಕ್ಸಲ್ ಮಾತ್ರ ಸ್ಟೀರಿಂಗ್ ಅದುರತೊಡಗುವವರೆಗೆ ಯಾರ ನೆನಪಿಗೂ ಬರುವುದಿಲ್ಲ. ಬಂದಾಗ, ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್‌ಗಳ ಕಿಟ್ ತರಿಸಿಕೊಂಡು ಅಂಗಳದಲ್ಲೇ ಬದಲಾಯಿಸಿಬಿಡಬಹುದು ಎಂಬ ಸಲಹೆ ಸಿಗುತ್ತದೆ. ಮಾಲೀಕರೇ ರಿಪೇರಿಗೆ ಕೈಹಚ್ಚುವುದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಯಾವುದು ಅಂಗಳದ ಕೆಲಸ, ಯಾವುದು ಲೇತ್ ಅಂಗಡಿಯ ಕೆಲಸ ಎಂಬುದನ್ನು ಈ ಸಲಹೆಗಾರರು ಹೇಳುತ್ತಿಲ್ಲ.

1987ರಲ್ಲಿ ಅಂದಿನ ಬಜಾಜ್ ಟೆಂಪೊ ಕಂಪನಿ ಟೆಂಪೊ ಟ್ರಾವೆಲರನ್ನು ಮರ್ಸಿಡಿಸ್‌ನ ಟಿ1 ವ್ಯಾನಿನ ಆಧಾರದ ಮೇಲೆ ಹೊರತಂದಿತು. ಹಳೆಯ ಗಾಡಿಗಳಲ್ಲಿ ಮುಂದಿನ ಎರಡೂ ಚಕ್ರಗಳನ್ನು ಹೊರುವುದು ಬಡಿದು ರೂಪಿಸಿದ ಒಂದೇ ಉಕ್ಕಿನ ದಂಡ. ಅದರ ತುದಿಗಳಲ್ಲಿರುವ ಕಿಂಗ್ ಪಿನ್‌ಗಳ ಸುತ್ತ, ಚಕ್ರವನ್ನು ಹೊತ್ತ ಗಿಡ್ಡ ತುಂಡಾದ ಸ್ಟಬ್ ಆಕ್ಸಲ್ ತಿರುಗುವುದರಿಂದಲೇ ಗಾಡಿ ತಿರುವು ತೆಗೆದುಕೊಳ್ಳುತ್ತದೆ. ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಇರುವ ಈಚಿನ ಮಾದರಿಗಳಿಗೆ ನನ್ನ ಮಾತು ಅನ್ವಯಿಸುವುದಿಲ್ಲ.

ದಿನವೂ ಓಡುವ ಬಾಡಿಗೆ ಗಾಡಿಗೆ ಸರ್ವಿಸ್ ಮಾಡಿಸುವಾಗಲೆಲ್ಲ ಗ್ರೀಸ್ ಬೀಳುತ್ತದೆ. ಕ್ಯಾಂಪರ್ ವ್ಯಾನು ಹಾಗಲ್ಲ. ರಜೆ ಬಂದಾಗ ಹೊರಟು, ಮಿಕ್ಕ ತಿಂಗಳುಗಳಲ್ಲಿ ಮಳೆಗೆ ಮೈಯೊಡ್ಡಿ ನಿಂತಿರುತ್ತದೆ. ಗ್ರೀಸ್ ಗಟ್ಟಿಯಾಗಿ, ಕಿಂಗ್ ಪಿನ್ನಿನ ಸುತ್ತಲಿನ ಕೊಳವೆಯಂಥ ಬುಷ್‌ಗಳೊಳಗೆ ನೀರು ಇಳಿದು, ಪಿನ್ನಿನ ಮೈಮೇಲೆ ತುಕ್ಕಿನ ಗುಳಿಗಳೇಳುತ್ತವೆ. ಕಡಿಮೆ ಓಡಿದ ಗಾಡಿ ಕಡಿಮೆ ಸವೆದಿರುತ್ತದೆ ಎಂಬ ಲೆಕ್ಕ, ಮಲೆನಾಡಿನಲ್ಲಂತೂ, ಇಲ್ಲಿ ತಲೆಕೆಳಗಾಗುತ್ತದೆ.

ಇದನ್ನು ಪತ್ತೆಹಚ್ಚುವುದು ನಿಶ್ಚಯವಾಗಿಯೂ ಮಾಲೀಕರು ಮಾಡಬಹುದಾದ ಕೆಲಸ. ಸಮತಟ್ಟಾದ ಗಟ್ಟಿ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಆಕ್ಸಲನ್ನು ಜಾಕ್‌ನಿಂದ ಎತ್ತಿ, ಅದರ ಕೆಳಗೆ ಸ್ಟ್ಯಾಂಡ್ ಇಡಬೇಕು. ಸಿಮೆಂಟ್ ಬ್ಲಾಕನ್ನು ಎಂದಿಗೂ ಇಡಕೂಡದು. ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ. ನಂತರ ಚಕ್ರದ ಮೇಲ್ತುದಿ ಮತ್ತು ಕೆಳತುದಿಗಳನ್ನು ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡುಬಂದರೆ, ಇನ್ನೊಬ್ಬರಿಂದ ಬ್ರೇಕ್ ತುಳಿಸಿ ಮತ್ತೆ ಅಲುಗಾಡಿಸಬೇಕು. ಸಡಿಲ ಮಾಯವಾದರೆ ದೋಷ ಚಕ್ರದ ನಡುವಿನ ಹಬ್‌ನ ಬೇರಿಂಗ್‌ನಲ್ಲಿ. ಹಾಗೆಯೇ ಉಳಿದರೆ ಕಿಂಗ್ ಪಿನ್ ಅಥವಾ ಅದರ ಬುಷ್‌ನಲ್ಲಿ. ಚಕ್ರವನ್ನು ಎಡಬಲಗಳಲ್ಲಿ ಹಿಡಿದು ಅಲುಗಾಡಿಸಿದಾಗ ಮಾತ್ರ ಸಡಿಲ ಕಂಡರೆ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸರಳಿನ ತುದಿಯ ಕೀಲಾದ ಟೈ ರಾಡ್ ಎಂಡನ್ನು ಅನುಮಾನಿಸಬೇಕು. ಇಷ್ಟನ್ನೂ ನೋಡದೆ ಬೇರಿಂಗ್ ಬದಲಾಯಿಸಿ ಬಿಲ್ ಕೊಡುವ ಗ್ಯಾರೇಜುಗಳಿಗೇನೂ ಬರವಿಲ್ಲ. ಗ್ರೀಸ್ ತುಂಬುವುದನ್ನೂ ಚಕ್ರ ಎತ್ತಿದ ಸ್ಥಿತಿಯಲ್ಲೇ, ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸುತ್ತ, ಮೇಲಿನ ಮತ್ತು ಕೆಳಗಿನ ಬುಷ್‌ಗಳೆರಡರಿಂದಲೂ ಹಳೆಯ ಗ್ರೀಸ್ ಹೊರಬಂದು ಹೊಸತು ಕಾಣುವವರೆಗೆ ಮಾಡಬೇಕು. ಗ್ರೀಸ್ ತುಂಬುವ ಮೂತಿಯಾದ ನಿಪ್ಪಲ್ ಕಟ್ಟಿಕೊಂಡಿದ್ದರೆ ಅದನ್ನು ಬದಲಾಯಿಸುವುದಕ್ಕೆ ದೊಡ್ಡ ಖರ್ಚೂ ಇಲ್ಲ, ವಿದ್ಯೆಯೂ ಬೇಕಿಲ್ಲ.

ಪಿನ್ ಹೊರತೆಗೆಯುವುದು ಬೇರೆಯೇ ಮಾತು. ಅದನ್ನು ಆಕ್ಸಲ್‌ನ ತುದಿಯ ತೂತಿನಲ್ಲಿ ಹಿಡಿದಿಡುವ ಲಾಕ್ ಪಿನ್ನನ್ನು ಮೊದಲು ತೆಗೆಯದೆ ಸುತ್ತಿಗೆಯಿಂದ ಹೊಡೆದರೆ ಪಿನ್ನಿನ ತಲೆ ಅರಳಿಕೊಂಡು ಇನ್ನಷ್ಟು ಬಿಗಿಯುತ್ತದೆ. ಆಗ ಗ್ಯಾಸ್ ಟಾರ್ಚ್ ಹಿಡಿದು ಕಾಯಿಸುವವರಿದ್ದಾರೆ. ಶಾಖೋಪಚಾರದಿಂದ ಬಲ ಪಡೆದ ಉಕ್ಕನ್ನು ಕೆಂಪಗೆ ಕಾಯಿಸಿದರೆ ಆ ಬಲವೇ ಹೋಗುತ್ತದೆ. ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣದಿರುವುದರಿಂದ ಈ ತಪ್ಪು ಹೆಚ್ಚು ಅಪಾಯಕಾರಿ. ಬಾಗಿದ ಆಕ್ಸಲನ್ನು ಕಾಯಿಸಿ ನೆಟ್ಟಗೆ ಮಾಡುವುದು, ಬಿರುಕಿಗೆ ವೆಲ್ಡಿಂಗ್ ಮಾಡುವುದು ಎರಡೂ ಒಪ್ಪತಕ್ಕವಲ್ಲ. ಹೊಸ ಬುಷ್‌ಗಳನ್ನು ಪ್ರೆಸ್‌ನಲ್ಲಿ ಕೂರಿಸುವಾಗ ಅವುಗಳ ಗ್ರೀಸ್ ತೂತು ನಿಪ್ಪಲ್‌ಗೆ ಎದುರಾಗಿರಬೇಕು. ಮೇಲಿನ ಮತ್ತು ಕೆಳಗಿನ ಬುಷ್‌ಗಳಿಗೆ ಒಂದೇ ನೇರದಲ್ಲಿ, ತೂತನ್ನು ಸರಿಯಾದ ಅಳತೆಗೆ ಕೊರೆಯುವ ರೀಮರ್ ಹಾಯಿಸಬೇಕು. ಆದ್ದರಿಂದ ಸ್ಟಬ್ ಆಕ್ಸಲ್ ಬಿಚ್ಚಿಕೊಂಡು ಲೇತ್ ಅಂಗಡಿಗೆ ಒಯ್ಯುವುದೇ ಸರಿ. ಮರಳಿ ಜೋಡಿಸುವಾಗ ನಟ್ಟು ಸಡಿಲಾಗದಂತೆ ತಡೆಯುವ ಸ್ಪ್ಲಿಟ್ ಪಿನ್‌ಗಳು ಹೊಸವಾಗಿರಬೇಕು, ಕೊನೆಗೆ ಅಲೈನ್‌ಮೆಂಟ್ ಮಾಡಿಸಬೇಕು.

ಇಷ್ಟೆಲ್ಲ ಮಾಡಿದರೂ ಆಕ್ಸಲ್ ಮತ್ತೆ ಬೇಗ ಸವೆಯುತ್ತಿದ್ದರೆ ಕಾರಣವನ್ನು ಗಾಡಿಯ ಒಳಗೆ ಹುಡುಕಬೇಕು. ನೂರು ಲೀಟರ್ ನೀರು ಎಂದರೆ ನೂರು ಕಿಲೋ. ಇನ್ವರ್ಟರ್‌ಗೆ ಬಳಸುವ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಗಳು ಒಂದೊಂದೂ ಸುಮಾರು ಐವತ್ತು ಕಿಲೋ ತೂಗುತ್ತವೆ. ಇವನ್ನೆಲ್ಲ ಚಾಲಕನ ಬೆನ್ನಿಗೆ ಒತ್ತಿ ಕೂರಿಸಿದರೆ ಭಾರದ ದೊಡ್ಡ ಪಾಲು ಮುಂದಕ್ಕೆ ಬೀಳುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಹಿಡಿಯುತ್ತ ಇಳಿಯುವಾಗ ಮುಂದಿನ ಆಕ್ಸಲ್ ಮೇಲೆ ಇನ್ನಷ್ಟು ತೂಕ ಸೇರಿಕೊಳ್ಳುತ್ತದೆ. ಹಾಗೆಂದು ಎಲ್ಲವನ್ನೂ ಹಿಂದಿನ ಆಕ್ಸಲ್‌ನ ಆಚೆಗೆ ತಳ್ಳಿದರೆ ಮುಂಭಾಗ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಟ್ಯಾಂಕ್ ತುಂಬಿಸಿಕೊಂಡು, ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಹೋಗಿ, ಮೊದಲು ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ, ಆಮೇಲೆ ಇಡೀ ಗಾಡಿಯನ್ನು ತೂಗಿಸಿದರೆ ಎಲ್ಲವೂ ಸ್ಪಷ್ಟವಾಗುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿನ್ಯಾಸವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕ್ಯಾಂಪರ್ ಆಗಿ ಮಾರ್ಪಡಿಸಲು ಅನುಮತಿ ಕೋರಿ ಬರುವ ಹಳೆಯ ವಾಹನಗಳಿಗೆ, ಟ್ಯಾಂಕ್ ತುಂಬಿದ ಸ್ಥಿತಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಪ್ರತ್ಯೇಕವಾಗಿ ತೂಗಿದ ಚೀಟಿಯನ್ನೂ, ಕಿಂಗ್ ಪಿನ್ ಸಡಿಲದ ತಪಾಸಣಾ ವರದಿಯನ್ನೂ ಕಡ್ಡಾಯಗೊಳಿಸಬೇಕೆಂದು ಸಾರಿಗೆ ಇಲಾಖೆಯನ್ನು ಈ ಪತ್ರದ ಮೂಲಕ ಕೋರುತ್ತೇನೆ. ವೇಬ್ರಿಡ್ಜ್‌ಗಳು ಬಹುತೇಕ ತಾಲ್ಲೂಕು ಕೇಂದ್ರಗಳ ಆಸುಪಾಸಿನಲ್ಲಿ ಇರುವುದರಿಂದ ಇದು ಯಾರಿಗೂ ಹೊರೆಯಾಗಲಾರದು.

ಇತಿ,
ನಿವೃತ್ತ ಡೀಸೆಲ್ ಮೆಕ್ಯಾನಿಕ್, ಹಾಸನ