ಗೆಳೆಯನಿಗೊಂದು ಪತ್ರ: ಮಗನನ್ನು ಹಿಂದೆ ನಿಲ್ಲಿಸಿದರು ಅಂತ ಬೇಜಾರಾ?

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಹೊಸ ಕೋಚ್ ಬಂದರು, ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ ಹಿಂದೆ ಆಡುತ್ತಿದ್ದ ಮಗನನ್ನು ತಂದು ಡಿಫೆನ್ಸ್ ಮುಂದೆ ನಿಲ್ಲಿಸಿದರು, ಇನ್ನು ಅವನು ಗೋಲು ಹೊಡೆದ ಹಾಗೇ ಅಂತ ನಿನ್ನ ಸಿಟ್ಟು. ಕೋಚ್‌ಗೆ ಫೋನ್ ಮಾಡಿ ಕೇಳೇ ಬಿಡುತ್ತೇನೆ ಅಂದಿದ್ದೀಯ. ಸ್ವಲ್ಪ ತಡಿ ಗುರು. ನೀನು ಪುಣೆಯಲ್ಲಿ ಕೂತು ಬಿ.ಪಿ. ಏರಿಸಿಕೊಳ್ಳುವುದು ಬೇಡ ಅಂತ ಭಾನುವಾರ ಬೆಳಗ್ಗೆ ನಾನೇ ಮಂಡ್ಯದಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿದ್ದೆ. ಅವನ ಆಟದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ದೇವರು, ಇಟಲಿಯ ಆಟಗಾರ ಪಿರ್ಲೋ ಬಗ್ಗೆ ನಿನಗೇ ನೆನಪು ಮಾಡಬೇಕು.

ಪಿರ್ಲೋ ಶುರು ಮಾಡಿದ್ದು ಎಲ್ಲಿ? ನಿನ್ನ ಮಗನ ಜಾಗದಲ್ಲೇ, ಸ್ಟ್ರೈಕರ್ ಹಿಂದಿನ ನಂಬರ್ ಟೆನ್ ಆಗಿ. ಇಂಟರ್ ಕ್ಲಬ್ 1998ರಲ್ಲಿ ಕರೆದುಕೊಂಡಿತು, ಆದರೆ ಅಲ್ಲಿ ನೆಲೆ ಸಿಗಲಿಲ್ಲ. 2001ರಲ್ಲಿ ಊರಿನ ತಂಡ ಬ್ರೆಷಿಯಾಕ್ಕೆ ಲೋನ್ ಮೇಲೆ, ಅಂದರೆ ಎರವಲು ಆಟಗಾರನಾಗಿ, ವಾಪಸ್ ಬಂದ. ಅಲ್ಲಿ ಆ ಜಾಗದಲ್ಲಿ ಯಾರಿದ್ದರು ಹೇಳು? ಇಟಲಿಯ ದೊಡ್ಡ ಸ್ಟಾರ್ ರೊಬೆರ್ಟೊ ಬಾಜ್ಜೊ! ಅವನನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಕೋಚ್ ಮಾಝೊನೆ ಪಿರ್ಲೋನನ್ನು ಡಿಫೆನ್ಸ್ ಮುಂದಕ್ಕೆ ಇಳಿಸಿದರು. ಆ ಏಪ್ರಿಲ್‌ನಲ್ಲಿ ಯುವೆಂಟಸ್ ತಂಡದ ಮೇಲೆ ಅಷ್ಟು ಹಿಂದಿನಿಂದ ಒಂದು ಉದ್ದ ಪಾಸ್ ಎತ್ತಿ ಕೊಟ್ಟ. ಬಾಜ್ಜೊ ಒಂದೇ ಟಚ್‌ನಲ್ಲಿ ಗೋಲ್‌ಕೀಪರ್ ವಾನ್ ಡರ್ ಸಾರ್‌ನನ್ನು ದಾಟಿ ಗೋಲು ಹೊಡೆದ. ಸ್ಟ್ರೈಕರ್ ಬೆನ್ನಿಗೇ ಅಂಟಿಕೊಂಡು ನಿಂತಿದ್ದರೆ ಆ ಪಾಸ್ ಹುಟ್ಟುತ್ತಲೇ ಇರಲಿಲ್ಲ.

ಆಮೇಲೆ ಎ.ಸಿ. ಮಿಲಾನ್ ತಂಡದಲ್ಲಿ ಕೋಚ್ ಆಂಚೆಲೊಟ್ಟಿ ಅದೇ ಜಾಗ ಕೊಟ್ಟರು. ಆದರೆ ಸುಮ್ನೆ ಒಬ್ಬನನ್ನೇ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಗಟ್ಟುಸೊ ಇದ್ದ. ಓಡುವುದು, ಕಾಲು ಹಾಕಿ ಚೆಂಡು ಕಿತ್ತುಕೊಳ್ಳುವುದು, ಬೈಸಿಕೊಳ್ಳುವುದು ಎಲ್ಲ ಅವನ ಪಾಲು. ಪಿರ್ಲೋಗೆ ತಲೆ ಎತ್ತಿ ನೋಡಲು ಪುರುಸೊತ್ತು ಸಿಗುತ್ತಿತ್ತು. 2003 ಮತ್ತು 2007ರಲ್ಲಿ ಚಾಂಪಿಯನ್ಸ್ ಲೀಗ್, ನಡುವೆ 2006ರಲ್ಲಿ ಇಟಲಿಗೆ ವಿಶ್ವಕಪ್.

ಇಲ್ಲಿಂದ ಮುಂದಿನದು ನನಗೆ ಇನ್ನೂ ಮಜಾ ಅನ್ನಿಸುವ ಕಥೆ. 2010ರಲ್ಲಿ ಮಿಲಾನ್‌ಗೆ ಅಲೆಗ್ರಿ ಕೋಚ್ ಆಗಿ ಬಂದರು. ಅವರಿಗೆ ಡಿಫೆನ್ಸ್ ಮುಂದೆ ಗಟ್ಟಿ ಆಳು ಬೇಕಿತ್ತು, ಪಿರ್ಲೋನನ್ನು ಎಡಕ್ಕೆ ಸರಿಸಿದರು. ಗಾಯ ಬೇರೆ ಕಾಡಿತು. 2011ರಲ್ಲಿ ಮಿಲಾನ್ ಬಿಟ್ಟು ಪುಕ್ಕಟೆ ಯುವೆಂಟಸ್‌ಗೆ ಹೋದ. ಅಲ್ಲಿ ಕೋಚ್ ಕಾಂಟೆ ಹಳೇ ಜಾಗ ವಾಪಸ್ ಕೊಟ್ಟು, ಆಚೀಚೆ ಓಡಲು ವಿಡಾಲ್‌ನನ್ನೂ ಮಾರ್ಕೀಸಿಯೊನನ್ನೂ ಬಿಟ್ಟರು. ಲೀಗ್‌ನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಯುವೆಂಟಸ್ ಚಾಂಪಿಯನ್. ಹಾಗಂತ ಅಲೆಗ್ರಿ ದಡ್ಡರು ಅನ್ನುವ ಹಾಗೂ ಇಲ್ಲ ಕಣೋ, ಹಿಂದಿನ ವರ್ಷ ಮಿಲಾನ್ ಕೂಡ ಚಾಂಪಿಯನ್ನೇ! ಆಟಗಾರ ಒಬ್ಬನೇ. ಒಬ್ಬ ಕೋಚ್‌ಗೆ ಅವನು ಬೇಕಾಗಲಿಲ್ಲ, ಇನ್ನೊಬ್ಬರು ಅವನ ಸುತ್ತಲೇ ತಂಡ ಕಟ್ಟಿದರು.

ಈಗ ನಿನ್ನ ಮಗ. ಮಹಾರಾಜ ಕಾಲೇಜು ಮೈದಾನದಲ್ಲಿ ಪ್ರಾಕ್ಟೀಸ್ ಮ್ಯಾಚ್. ಮುಂದೆ ಆಡುವಾಗ ಚೆಂಡು ಬಂದ ಕೂಡಲೇ ಬೆನ್ನ ಮೇಲೆ ಒಬ್ಬ ಬಿದ್ದಿರುತ್ತಿದ್ದ, ನೆನಪಿದೆಯಾ? ಈಗ ಚೆಂಡು ಬರುವ ಮುಂಚೆಯೇ ಭುಜದ ಮೇಲಿಂದ ಹಿಂದೆ ಒಮ್ಮೆ ಇಣುಕುತ್ತಾನೆ, ಮೈ ಅರ್ಧ ತಿರುಗಿಸಿಕೊಂಡೇ ಚೆಂಡು ತೆಗೆದುಕೊಳ್ಳುತ್ತಾನೆ. ಇದನ್ನು ಯಾರು ಹೇಳಿಕೊಟ್ಟರೋ, ಚೆನ್ನಾಗಿ ಹೇಳಿಕೊಟ್ಟಿದ್ದಾರೆ.

ಆದರೆ ಫಸ್ಟ್ ಹಾಫ್‌ನಲ್ಲಿ ಒಂದು ಗೋಲು ಬಿತ್ತು, ಅದು ಅವನ ಕಾಲಿಂದ ಕಿತ್ತುಕೊಂಡ ಚೆಂಡೇ. ಪಕ್ಕ ಆಡಬೇಕಿದ್ದ ಹುಡುಗ ಗೋಲು ಹೊಡೆಯುವ ಆಸೆಗೆ ಮುಂದೆ ಓಡಿಬಿಟ್ಟಿದ್ದ, ಮಧ್ಯೆ ನರಪಿಳ್ಳೆ ಇರಲಿಲ್ಲ. ಹಾಫ್ ಟೈಮ್ ಆದ ಮೇಲೆ ಕೋಚ್ ಬದಲಾಯಿಸಿದ್ದು ನಿನ್ನ ಮಗನನ್ನಲ್ಲ, ಆ ಹುಡುಗನನ್ನು. ಅವನ ಜಾಗಕ್ಕೆ ಬಂದದ್ದು ಒಬ್ಬ ಸಣಕಲ. ಚೆಂಡು ಸಿಕ್ಕರೆ ಎರಡು ಹೆಜ್ಜೆಯಲ್ಲಿ ಪಾಸ್ ಮಾಡಿ ಮತ್ತೆ ತನ್ನ ಜಾಗಕ್ಕೆ ಬರುತ್ತಿದ್ದ, ಅಷ್ಟೇ. ಆಮೇಲೆ ನಿನ್ನ ಮಗ ಬಲಗಡೆ ಓಡುವ ಹುಡುಗನಿಗೆ ಡಿಫೆನ್ಸ್ ತಲೆ ಮೇಲೆ ಒಂದು ಪಾಸ್ ಹಾಕಿದ ನೋಡು, ನನ್ನ ಪಕ್ಕ ಕೂತಿದ್ದ ಯಜಮಾನರು ಬಾಯಲ್ಲಿ ಕಡ್ಲೆಕಾಯಿ ಇಟ್ಟುಕೊಂಡೇ ‘ಭೇಷ್’ ಅಂದರು.

ಅದಕ್ಕೇ ಹೇಳುವುದು, ಎಲ್ಲಿ ನಿಲ್ಲಿಸಿದ್ದಾರೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಪಕ್ಕದಲ್ಲಿ ಯಾರನ್ನು ನಿಲ್ಲಿಸಿದ್ದಾರೆ ಅಂತ ನೋಡು. ಲಿವರ್‌ಪೂಲ್ ತಂಡದ ಜೆರಾರ್ಡ್‌ನನ್ನು 2005-06ರಲ್ಲಿ ಕೋಚ್ ಬೆನಿಟೆಜ್ ಬಲಗಡೆಗೆ ತಳ್ಳಿದಾಗಲೂ ಜನ ಬೈದಿದ್ದರು. ಮಧ್ಯೆ ಕಾಯಲು ಅಲೊನ್ಸೊ, ಸಿಸೊಕೊ ಇದ್ದರು. ಜೆರಾರ್ಡ್ ಆ ಸೀಸನ್‌ನಲ್ಲಿ 23 ಗೋಲು ಹೊಡೆದ. ಆದರೆ ಇಂಗ್ಲೆಂಡ್ ತಂಡದಲ್ಲಿ ಇವನನ್ನೂ ಲ್ಯಾಂಪಾರ್ಡ್‌ನನ್ನೂ ಜೋಡಿ ಮಾಡಿದರೆ ಆಟ ಕುದುರುತ್ತಲೇ ಇರಲಿಲ್ಲ. ಇಬ್ಬರಿಗೂ ಮುಂದೆ ಹೋಗಬೇಕು, ಹಿಂದೆ ನಿಲ್ಲುವವರು ಯಾರು?

ಕೋಚ್‌ಗೆ ಬೇರೆ ಗತಿಯಿಲ್ಲದೆ ನಿಮ್ಮ ಹುಡುಗನನ್ನು ಅಲ್ಲಿ ತುಂಬಿಸಿರಬಹುದು ಅನ್ನುವ ಅನುಮಾನ ನನಗೂ ಇತ್ತು. ಆ ಸಣಕಲನನ್ನು ಇಳಿಸಿದ್ದು ನೋಡಿದ ಮೇಲೆ ಹೋಯಿತು. ಆ ಮೇಷ್ಟ್ರಿಗೆ ಲೆಕ್ಕ ಗೊತ್ತಿದೆ. ಮುಂದಿನ ಮ್ಯಾಚ್‌ನಲ್ಲೂ ಆ ಸಣಕಲನನ್ನೇ ಪಕ್ಕದಲ್ಲಿ ಆಡಿಸಿದರೆ ನೀನು ಬಾಯಿ ಮುಚ್ಚಿಕೊಂಡಿರು. ಮತ್ತೆ ಆ ಓಡಿಹೋಗುವ ಹುಡುಗನನ್ನೇ ಹಾಕಿದರೆ ಆಗ ಮಾತಾಡೋಣ, ಅದೂ ಫೋನಿನಲ್ಲಲ್ಲ, ಖುದ್ದು ಹೋಗಿ. ಆಯುಧಪೂಜೆಗೆ ಹೇಗೂ ಬರುತ್ತೀಯ ಅಲ್ವಾ?

ಇನ್ನೊಂದು, ಅವನ ಬೂಟಿನ ಅಟ್ಟೆ ಬಿಟ್ಟುಕೊಂಡಿದೆ. ನಿನಗೆ ಹೇಳಬೇಡಿ ಅಂದ. ಹೇಳಿದ್ದೀನಿ, ಹೊಸದು ತಗೊಂಡು ಬಾ.

ನಿನ್ನ,
ಮಂಡ್ಯದ ಗೆಳೆಯ