‘ಅದರಾಗ ಏನ ಬರದೈತಿ, ಓದು’

ಸಂಘದ ಆತ್ಮೀಯ ಸದಸ್ಯರೇ,

ನಮ್ಮ ಬಾಗಲಕೋಟೆ ಕಡೆ ‘ಹಕ್ಕು’ ಅಂದರೆ ಮೊದಲು ನೆನಪಾಗುವುದು ಹೊಲ. ಉತಾರದಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಹೆಸರಿದ್ದರೆ ಹಕ್ಕು, ಇಲ್ಲದಿದ್ದರೆ ಇಲ್ಲ. ಅಣ್ಣತಮ್ಮಂದಿರ ವಾಟ್ನಿ (ಆಸ್ತಿಯ ಪಾಲು) ಆಗುವಾಗ ಅಕ್ಕತಂಗಿಯರು ಹಕ್ಕು ‘ಬಿಟ್ಟು ಕೊಡುತ್ತಾರೆ’. ಈ ಮಾತು ಎಲ್ಲರಿಗೂ ಗೊತ್ತು. ಆದರೆ ‘ಮಾನವ ಹಕ್ಕು’ ಅನ್ನಿ, ಅದು ಯಾವುದೋ ಆಫೀಸಿನ ಬೋರ್ಡಿನ ಮೇಲಿನ ಮಾತಾಗಿಬಿಡುತ್ತದೆ. ಎರಡೂ ಒಂದೇ ಹಕ್ಕು ಅಂತ ನನಗೆ ಅನಿಸಿದ್ದು ಈ ಸಲ ಜನವರಿಯಲ್ಲಿ ವಿದೇಶದಿಂದ ಊರಿಗೆ ಹೋದಾಗ, ಒಂದು ನಾಟಕದ ಮುಂದೆ ಕೂತು.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಅಲ್ಲಿನ ಕಂಪನಿ ನಾಟಕಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಹೇಳುತ್ತಿರುವ ನಾಟಕ ಅಲ್ಲಿಯದಲ್ಲ. ಅದಾದ ಎರಡು ದಿನಕ್ಕೆ ಮುಧೋಳದ ಹತ್ತಿರದ ನಮ್ಮೂರಲ್ಲಿ, ಹಣಮಪ್ಪನ ಗುಡಿ ಮುಂದೆ, ಐದಾರು ಹುಡುಗ ಹುಡುಗಿಯರು ಒಂದು ಬೀದಿ ನಾಟಕ ಆಡಿದರು. ಪರದೆ ಇಲ್ಲ, ಬಣ್ಣ ಇಲ್ಲ, ಬಾರಿಸಲು ಒಂದು ಹಲಗೆ ಅಷ್ಟೇ. ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಕಥೆ ಇಷ್ಟು. ಪಂಚಮಿ ಹಬ್ಬಕ್ಕೆ ಅಣ್ಣ ತಂಗಿಯನ್ನು ತವರಿಗೆ ಕರೆದುಕೊಂಡು ಬರುತ್ತಾನೆ. ಇಳಕಲ್ ಸೀರೆ ಕೊಡುತ್ತಾರೆ, ಉಡಿ ತುಂಬುತ್ತಾರೆ. ಹೊರಡುವ ಹೊತ್ತಿಗೆ ಅಣ್ಣ ಒಂದು ಕಾಗದ ತೆಗೆಯುತ್ತಾನೆ. ‘ಇಲ್ಲೊಂದು ಸಹಿ ಬೇಕಾಗಿತ್ತು ನೋಡವಾ, ಏನಿಲ್ಲ, ಸುಮ್ನ.’ ತಂಗಿ ಸಹಿ ಮಾಡುತ್ತಾಳೆ. ಹಲಗೆ ನಿಲ್ಲುತ್ತದೆ. ಮೇಳದ ಹುಡುಗನೊಬ್ಬ ನಮ್ಮ ಕಡೆ ತಿರುಗಿ ಕೇಳಿದ: ‘ಆಕಿ ಜಾಗಾದಾಗ ನೀವ ಇದ್ದಿದ್ರ ಏನ ಮಾಡ್ತಿದ್ರಿ? ಬರ್ರಿ, ಮಾಡಿ ತೋರಿಸ್ರಿ.’

ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಅರವತ್ತು ದಾಟಿದ ಒಬ್ಬ ಅವ್ವ ಎದ್ದರು. ತಂಗಿಯ ಪಾತ್ರದ ಹುಡುಗಿಗೆ ‘ನೀ ಸರಿಯವಾ’ ಅಂದು ಅವಳ ಜಾಗದಲ್ಲಿ ಕೂತರು. ಸಹಿ ಮಾಡಲ್ಲ ಅನ್ನುತ್ತಾರೆ, ಜಗಳ ತೆಗೆಯುತ್ತಾರೆ ಅಂತ ನಾವೆಲ್ಲ ಕಾದೆವು. ಅವರು ಹೇಳಿದ್ದು ಒಂದೇ ಮಾತು.

‘ಅದರಾಗ ಏನ ಬರದೈತಿ, ಓದು.’

ಅಣ್ಣನ ಪಾತ್ರದ ಹುಡುಗ ಇದಕ್ಕೆ ತಯಾರಿರಲಿಲ್ಲ. ಅವನ ಕೈಯಲ್ಲಿದ್ದದ್ದು ಹಳೇ ಕರೆಂಟ್ ಬಿಲ್ಲು. ತಡವರಿಸಿದ. ‘ಓದಾಕ ಬರೂದಿಲ್ಲಂದ್ರ ಸಾಲಿ ಮಾಸ್ತರನ್ನ ಕರಿ. ನಾ ಕುಂತಿರ್ತೀನಿ’ ಅಂದರು ಅವ್ವ. ಕಾಲು ಚಾಚಿ ನಿಜವಾಗಿಯೂ ಕೂತುಬಿಟ್ಟರು.

ಅಲ್ಲಿಂದ ಮಾತು ಹತ್ತಿತು. ‘ಮದುವಿಗೆ ಖರ್ಚ ಮಾಡಿಲ್ಲೇನ? ಅದ ಆಕಿ ಪಾಲು’ ಅಂತ ಗಂಡಸರ ಕಡೆಯಿಂದ ಒಂದು ದನಿ. ‘ನಿನ್ನ ಮದುವಿಗೂ ಖರ್ಚಾಗೇತಲ್ಲ, ಅದನ್ನ ನಿನ್ನ ಪಾಲಿನಾಗ ಮುರದಾರೇನು?’ ಅಂತ ಹೆಣ್ಣುಮಕ್ಕಳ ಕಡೆಯಿಂದ ಉತ್ತರ. ‘ಹೊಲ ತಗೊಂಡ್ರ ತವರಮನಿ ಬಾಗಿಲ ಮುಚ್ಚತೈತಿ’ ಅಂತ ಇನ್ನೊಬ್ಬಾಕೆ ಮೆಲ್ಲಗೆ ಹೇಳಿದಳು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮೇಳದ ಜೊತೆ ಬಂದಿದ್ದ ವಕೀಲೆ ಮಾತಾಡಿದ್ದು ಇಷ್ಟೆಲ್ಲ ಆದಮೇಲೆ. ಅವರು ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ನಮ್ಮಲ್ಲಿ ಬಹಳ ಜನಕ್ಕೆ ಇದು ಬೇಕು. ಹಿಂದೂ ವಾರಸಾ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿ ಮದುವೆಯ ಮಾತನ್ನೇ ತೆಗೆದುಹಾಕಿತು. ಮುಂದಿನ ಕಥೆಯಲ್ಲಿ ನಮ್ಮ ಬೆಳಗಾವಿ ಇದೆ. ಅಲ್ಲಿನ ಕೋರ್ಟಿನಲ್ಲಿ 1992ರಲ್ಲಿ ಒಬ್ಬ ಹೆಣ್ಣುಮಗಳು ಪಾಲು ಕೇಳಿ ದಾವೆ ಹಾಕಿದ್ದರು. ಅವರ ತಂದೆ ತೀರಿದ್ದು 1988ರಲ್ಲಿ. ಅದೇ ದಾವೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು, 2005ರ ಆ ದಿನ ತಂದೆ ಬದುಕಿರಬೇಕಿತ್ತು ಅಂದಿತು. 2020ರ ಆಗಸ್ಟ್ 11ರಂದು ಅದೇ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತು ಸರಿಯಲ್ಲ ಅಂತ ತೀರ್ಪು ಕೊಟ್ಟಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೂ ಮೊದಲೇ ಆದ ಮಾರಾಟದಂಥ ವಿಲೇವಾರಿಯನ್ನು, ನೋಂದಣಿಯಾದ ಇಲ್ಲವೇ ಕೋರ್ಟಿನ ಡಿಕ್ರಿಯಿಂದ ಆದ ವಾಟ್ನಿಯನ್ನು ಇದು ಮುಟ್ಟುವುದಿಲ್ಲ. ಇನ್ನೊಂದು: ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಆದಾಯ ಎಷ್ಟೇ ಇರಲಿ. ತಾಲೂಕಿನಲ್ಲೇ ಅದರ ಸಮಿತಿ ಇರುತ್ತದೆ.

ಇದನ್ನೇ ಮೊದಲು ಹೇಳಿದ್ದರೆ ಅರ್ಧ ಜನ ಎದ್ದು ಹೋಗುತ್ತಿದ್ದರು, ಅಲ್ವಾ? ದೊಡ್ಡವರಿಗೆ ಪಾಠ ಹೇಳುವುದು ಕಷ್ಟ. ಅವರು ಬದುಕು ಕಂಡವರು. ಅವರಲ್ಲೇ ಒಂದು ಪ್ರಶ್ನೆ ಹುಟ್ಟಬೇಕು, ಆಮೇಲೆ ಕಾಯ್ದೆ ಕಿವಿಗೆ ಬೀಳುತ್ತದೆ. ನಾಟಕ ಮಾಡುವ ಕೆಲಸ ಇದೇ ಅಂತ ನಾನು ನಂಬುತ್ತೇನೆ.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಇದನ್ನು ಕಲಿತದ್ದು 1973ರಲ್ಲಿ, ಪೆರು ದೇಶದ ವಯಸ್ಕರ ಸಾಕ್ಷರತಾ ಕೆಲಸದಲ್ಲಿ. ಅವರು ನಾಟಕ ನಿಲ್ಲಿಸಿ ಮುಂದೇನು ಮಾಡೋಣ ಅಂತ ಕೇಳುತ್ತಿದ್ದರು. ಜನ ಹೇಳಿದಂತೆ ನಟರು ಆಡುತ್ತಿದ್ದರು. ಒಬ್ಬ ಹೆಂಗಸಿಗೆ ಮಾತ್ರ ನಟರು ಎಷ್ಟು ಸಲ ಆಡಿದರೂ ಸಮಾಧಾನ ಆಗಲಿಲ್ಲ. ‘ಹಾಗಾದರೆ ನೀವೇ ಬನ್ನಿ’ ಅಂದರು ಬೋಲ್. ಆಕೆ ಬಂದರು. ಅಲ್ಲಿಂದ ಒಂದು ಹೊಸ ಬಗೆಯ ರಂಗಭೂಮಿಯೇ ಬೆಳೆಯಿತು. ಅದರಲ್ಲಿ ಜನರಿಗೂ ನಟರಿಗೂ ನಡುವೆ ನಿಂತು ಪ್ರಶ್ನೆ ಕೇಳುವವನಿಗೆ ‘ಜೋಕರ್’ ಅನ್ನುತ್ತಾರೆ. ಇಸ್ಪೀಟಿನ ಜೋಕರ್ ಹಾಗೆ, ಯಾವ ಪಂಗಡಕ್ಕೂ ಸೇರದವನು.

ಓದಿದಾಗ ನನಗೆ ನಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟದ ಭಾಗವತ ನೆನಪಾದ. ಕೃಷ್ಣ ಬರಲಿ, ಸತ್ಯಭಾಮೆ ಬರಲಿ, ತಡೆದು ನಿಲ್ಲಿಸಿ ನಮ್ಮ ಆಡುಮಾತಿನಲ್ಲಿ ಕೇಳುವವನು ಅವನು. ದೇವರನ್ನೇ ಪ್ರಶ್ನೆ ಮಾಡುವ ಜಾಗ ನಮ್ಮ ಆಟದಲ್ಲಿ ಮೊದಲೇ ಇದೆ. ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಆ ಆಟಕ್ಕೆ ಹೆಸರು ತಂದ ನಾಡು ನಮ್ಮದು. ಹಕ್ಕಿನ ನಾಟಕಕ್ಕೆ ಪರದೇಶದ ಅಚ್ಚು ಹುಡುಕಬೇಕಾಗಿಲ್ಲ.

ಸಿನಿಮಾ ಬೇರೆ ರೀತಿ. ನಾನು ಸಣ್ಣವಳಿದ್ದಾಗ ವಾರ್ತಾ ಇಲಾಖೆಯ ಗಾಡಿ ಊರಿಗೆ ಬರುತ್ತಿತ್ತು. ಬಿಳಿ ಪರದೆ ಕಟ್ಟುತ್ತಿದ್ದರು. ಈ ಕಡೆ ಜಾಗ ಸಿಗದವರು ಆ ಕಡೆ ಕೂತು ನೋಡುತ್ತಿದ್ದರು. ದೂರದವರ ಮುಖವನ್ನು ಅಷ್ಟು ಹತ್ತಿರ ತಂದು ತೋರಿಸುವುದು ಸಿನಿಮಾಕ್ಕೆ ಮಾತ್ರ ಆಗುತ್ತದೆ. ಆದರೆ ಸಿನಿಮಾಕ್ಕೆ ಎದುರು ಮಾತಾಡಲು ಆಗುವುದಿಲ್ಲ. ಆದ್ದರಿಂದ ತೋರಿಸುವವರೇ ಅದನ್ನು ನಡುವೆ ನಿಲ್ಲಿಸಬೇಕು. ಕೊನೆ ಗೊತ್ತಾಗುವ ಮೊದಲೇ ದೀಪ ಹಾಕಿ, ‘ಈಗ ಏನಾಗಬೇಕು?’ ಅಂತ ಕೇಳಬೇಕು.

ಒಂದು ಚಿಂತೆಯನ್ನೂ ಹೇಳಲೇಬೇಕು. ನಾಟಕದವರು ಸಂಜೆ ಬಸ್ಸು ಹತ್ತುತ್ತಾರೆ. ಎದ್ದು ಮಾತಾಡಿದ ಹೆಣ್ಣುಮಗಳು ಅದೇ ಮನೆಗೆ ಹೋಗಬೇಕು. ಅಲ್ಲಿ ಅಣ್ಣನೂ ಇರುತ್ತಾನೆ. ಮತ್ತೆ ಬರುವ ಮನಸ್ಸಿಲ್ಲದಿದ್ದರೆ ಇಂಥ ನಾಟಕ ಆಡಲೇಬಾರದು. ಆ ಮೇಳದವರು ಮುಂದಿನ ವಾರ ಮತ್ತೆ ಬಂದಿದ್ದರು. ಗುಡಿ ಕಟ್ಟೆಯ ಮೇಲೆ ಕೂತು ಮೂರು ಮನೆಯವರ ಕಾಗದ ಓದಿ ಹೇಳಿದರಂತೆ.

ನನ್ನ ಮಾತು. ಹನ್ನೊಂದು ವರ್ಷದ ಹಿಂದೆ ರಜೆಗೆ ಹೋದಾಗ ನಾನೂ ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದೆ. ವಿಮಾನಕ್ಕೆ ಹೊತ್ತಾಗಿತ್ತು. ಓದಲಿಲ್ಲ. ಓದಿದ್ದರೂ ಬಹುಶಃ ಸಹಿ ಮಾಡುತ್ತಿದ್ದೆ. ಅಣ್ಣ ಅಪ್ಪ ಅವ್ವನನ್ನು ನೋಡಿಕೊಂಡಿದ್ದಾನೆ, ಮನಸಾರೆ ಬಿಟ್ಟುಕೊಡುವುದೂ ನನ್ನ ಹಕ್ಕೇ. ಆದರೆ ಏನನ್ನು ಬಿಡುತ್ತಿದ್ದೇನೆ ಅಂತ ನನಗೆ ಗೊತ್ತಿರಲಿಲ್ಲ. ಎರಡು ಡಿಗ್ರಿ ಮಾಡಿದ ನಾನು ಕೇಳದ ಮಾತನ್ನು ಆ ಅವ್ವ ಕೇಳಿದರು.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿತು. ಅದರ ಮೊದಲ ಕಲಮಿನಲ್ಲಿ ‘ಎಲ್ಲ ಗಂಡಸರು’ ಅಂತಲೂ ಓದಬಹುದಾಗಿದ್ದ ಮಾತನ್ನು ‘ಎಲ್ಲ ಮನುಷ್ಯರು’ ಅಂತ ತಿದ್ದಿಸಿದ್ದು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಅದೇ ಘೋಷಣೆಯ 17ನೇ ಕಲಮು ಆಸ್ತಿ ಹೊಂದುವ ಹಕ್ಕಿನದು. ಈ ವರ್ಷ ಡಿಸೆಂಬರ್ ಸಭೆಯಲ್ಲಿ ಭಾಷಣ ಬೇಡ, ಇದೇ ನಾಟಕ ಆಡೋಣ ಅಂತ ಕಾರ್ಯಕಾರಿ ಸಮಿತಿ ಒಪ್ಪಿದೆ. ಕಾಗದ ಊರಿನದ್ದೇ ಇರಬೇಕೆಂದಿಲ್ಲ. ಗಂಡನ ವೀಸಾದ ಮೇಲೆ ಬಂದ ಹೆಣ್ಣುಮಗಳ ಪಾಸ್‌ಪೋರ್ಟ್ ಯಾರ ಕಪಾಟಿನಲ್ಲಿದೆ ಅನ್ನುವುದೂ ನಮ್ಮ ನಡುವಿನ ಪ್ರಶ್ನೆಯೇ. ನಾಟಕದ ಕೊನೆಗೆ ಇಲ್ಲಿನ ಕಾನೂನು ಬಲ್ಲ ಒಬ್ಬರು ಇರುತ್ತಾರೆ. ಒಂದು ವಾರದ ನಂತರವೂ ಅದೇ ಸಭಾಂಗಣಕ್ಕೆ ಬರಲು ಅವರು ಒಪ್ಪಿದ್ದಾರೆ.

ತಂಗಿಯ ಪಾತ್ರಕ್ಕೆ ನಾಲ್ಕು ಜನ ಹೆಸರು ಕೊಟ್ಟಿದ್ದಾರೆ. ಹಲಗೆ ಬಾರಿಸಲು ವಿಜಯಪುರದ ಇಬ್ಬರು ಸಿಕ್ಕಿದ್ದಾರೆ. ಅಣ್ಣನ ಪಾತ್ರಕ್ಕೆ ಇನ್ನೂ ಯಾರೂ ಮುಂದೆ ಬಂದಿಲ್ಲ. ದಯವಿಟ್ಟು ಬನ್ನಿ. ಈ ಸಲ ಕಾಗದದಲ್ಲಿ ನಿಜವಾಗಿಯೂ ಏನಾದರೂ ಬರೆದಿರುತ್ತೇವೆ.

ನಿಮ್ಮ,
ಸಂಪಾದಕಿ